ಕರೆಂಟ್ ಹೋಗದ ಭಾನುವಾರ

ಭದ್ರಾವತಿಯ ನ್ಯೂ ಟೌನಿನ ನಮ್ಮ ಬೀದಿಯಲ್ಲಿ ಏನೂ ನಡೆಯದ ವಾರ ಅಂತ ಇಲ್ಲ. ನಡೆದದ್ದನ್ನು ಪೇಪರಿನಲ್ಲಿ ಹಾಕಿದ ಮೇಲೆ ಅದರಿಂದ ಇನ್ನೊಂದೇನೋ ನಡೆಯದೆ ಇದ್ದದ್ದೂ ಇಲ್ಲ. ಹಾಕುವವಳು ನಾನೇ ಆದ್ದರಿಂದ ಈ ಮಾತನ್ನು ಧೈರ್ಯವಾಗಿ ಹೇಳಬಲ್ಲೆ.

ಮನೆಯ ಮುಂದಿನ ಕೋಣೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಅದರ ಜೊತೆಗೆ ಶಿವಮೊಗ್ಗದಿಂದ ಪ್ರತಿ ಶನಿವಾರ ಬರುವ ಪುಟ್ಟ ಪತ್ರಿಕೆಯ ಕೊನೇ ಪುಟದಲ್ಲಿ ‘ಬೀದಿ ಸುದ್ದಿ’ ಅಂತ ಅರ್ಧ ಪುಟ ಬರೆಯುತ್ತೇನೆ. ಎಲ್ಲಿ ಪೈಪು ಒಡೆದಿದೆ, ಯಾರ ಹಸು ಕಳೆದಿದೆ, ಯಾವ ಏರಿಯಾದಲ್ಲಿ ಕರೆಂಟ್ ಇರುವುದಿಲ್ಲ, ಇಷ್ಟೇ. ಹೋದ ಬೇಸಿಗೆಯಲ್ಲಿ ಸಂಪಾದಕರು ಕರೆಸಿದರು.

“ಆ ಜಾಗಕ್ಕೆ ವಾರಭವಿಷ್ಯ ಹಾಕೋಣ ಅಂತಿದ್ದೀನಿ ಮೇಡಂ. ನಿಮ್ಮ ಅಂಕಣ ಓದೋರು ಹತ್ತು ಜನ ಇದ್ದಾರೆ ಅಂತ ಈ ತಿಂಗಳೊಳಗೆ ತೋರಿಸಿ, ಉಳಿಸ್ತೀನಿ.”

ಬರೀ ಹತ್ತು ಜನ! ಅವಮಾನವಾಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಬೆರಳು ಮಡಚಿ ಎಣಿಸಿದೆ. ನನ್ನನ್ನೂ ಸೇರಿಸಿ ಮೂರು ಜನ ಸಿಕ್ಕರು. ಆಗ ಭಯವೂ ಆಯಿತು. ದಿನವಿಡೀ ಬೇರೆಯವರ ಆಧಾರ್ ಕಾರ್ಡು ಜೆರಾಕ್ಸ್ ಮಾಡುವವಳಿಗೆ ತನ್ನದು ಅಂತ ಇದ್ದದ್ದು ಆ ಅರ್ಧ ಪುಟ ಒಂದೇ. ಅದು ಹೋದರೆ ಅಳುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಕಾಣೆಯಾದ ಹುಂಜ

ಮೊದಲ ವಾರ ಮೂಲೆಮನೆಯ ಫೋರ್‌ಮನ್ ತಾತ ಬಂದರು. ಕಾರ್ಖಾನೆಯಿಂದ ರಿಟೈರಾದವರು, ಈಗ ಹಿತ್ತಿಲ ಕೋಳಿಗಳಿಗೆ ಶಿಸ್ತು ಕಲಿಸುತ್ತಾರೆ.

“ಹುಂಜ ಕಾಣ್ತಿಲ್ಲಮ್ಮ. ಮೈ ಕೆಂಪು, ಬಾಲ ಕಪ್ಪು. ಪೇಪರಲ್ಲಿ ಹಾಕು.”

ಹಾಕಿದೆ. ಆದರೆ ಶನಿವಾರದ ಪೇಪರನ್ನು ಜನ ಬಿಚ್ಚಿ ಓದುವುದು ಭಾನುವಾರ ಅನ್ನುವುದನ್ನು ಮರೆತಿದ್ದೆ. ಭಾನುವಾರ ನಮ್ಮ ಬೀದಿಯಲ್ಲಿ ಬಹುಪಾಲು ಮನೆಗಳಲ್ಲಿ ಕೋಳಿಸಾರು. ಅವತ್ತು ಒಲೆ ಮೇಲೆ ಇಟ್ಟವರಿಗೆಲ್ಲ ಎದೆ ಢವಢವ. ಹನ್ನೆರಡೂವರೆಗೆ ಮೊದಲ ಬಟ್ಟಲು ತಾತನ ಮನೆಗೆ ಹೋಯಿತು.

“ರುಚಿ ನೋಡಿ ತಾತ, ಇದು ಫಾರಂ ಕೋಳಿ. ನಾಟಿ ಅಲ್ಲ.”

ಒಬ್ಬರು ಕೊಟ್ಟ ಮೇಲೆ ಕೊಡದವರ ಮೇಲೆ ಅನುಮಾನ ಬರುತ್ತದಲ್ಲ! ಒಂದು ಗಂಟೆಯೊಳಗೆ ಐದು ಬಟ್ಟಲು ಸೇರಿದವು. ತಾತ ಒಂದೊಂದೇ ಮೂಳೆ ಚೀಪಿ, ಕಣ್ಣು ಮುಚ್ಚಿ ಯೋಚಿಸಿ, “ಇಲ್ಲ, ಇದು ನಮ್ಮದಲ್ಲ” ಅಂತ ಐವರನ್ನೂ ಬಿಡುಗಡೆ ಮಾಡಿದರು. ಸಂಜೆ ಹುಂಜ ತಾನಾಗಿಯೇ ಗೋಡೆ ಹಾರಿ ಮನೆಗೆ ಬಂತು. ಸಿಕ್ಕಿದೆ ಅಂತ ಮುಂದಿನ ವಾರವೇ ಹಾಕುತ್ತೇನೆ ಅಂದೆ. ತಾತ ಕೈಮುಗಿದರು.

“ಅವಸರ ಏನಮ್ಮ? ಇನ್ನೆರಡು ಭಾನುವಾರ ಹೋಗ್ಲಿ.”

ಜಾಬ್ ಕಾರ್ಡು

ಈ ಸಂಗತಿಯನ್ನು ಫೋನಿನಲ್ಲಿ ವಿವರಿಸಿದಾಗ ಸಂಪಾದಕರು, “ಸಾರು ಸಾಕ್ಷಿ ಆಗಲ್ಲ ಮೇಡಂ, ಕೈಯಲ್ಲಿ ಬರೆದ ಪತ್ರ ತನ್ನಿ” ಅಂದರು. ಎದುರುಗಡೆ ಗ್ಯಾರೇಜಿನ ಮೆಕ್ಯಾನಿಕ್ ಭಾಯ್ ಅವರನ್ನು ಕೇಳಿದೆ.

“ಅದೇನು ದೊಡ್ಡ ವಿಷಯ ಅಕ್ಕ? ನಾಳೆ ಕೊಡ್ತೀನಿ.”

ನಾಳೆ ಅಂದದ್ದನ್ನು ನಾಳೆಯೇ ಕೊಟ್ಟದ್ದು ಆ ಗ್ಯಾರೇಜಿನಲ್ಲಿ ಅದೇ ಮೊದಲು. ಅಲ್ಲೇ ತಿಂಗಳುಗಟ್ಟಲೆ ನಿಂತಿದ್ದ ನನ್ನ ಸ್ಕೂಟರ್ ಇದಕ್ಕೆ ಸಾಕ್ಷಿ. ಬೇರೆ ಹಾಳೆ ಸಿಗಲಿಲ್ಲವಂತೆ, ಗಾಡಿ ರಿಪೇರಿಗೆ ಬಂದಾಗ ತುಂಬುವ ಜಾಬ್ ಕಾರ್ಡಿನಲ್ಲೇ ಬರೆದಿದ್ದರು. ಗಾಡಿಯ ಹೆಸರು ಅನ್ನುವ ಕಡೆ ‘ಬೀದಿ ಸುದ್ದಿ.’ ಅದರ ಕೆಳಗೆ: ‘ಸ್ಟಾರ್ಟಿಂಗ್ ಚೆನ್ನಾಗಿದೆ. ಪಿಕಪ್ ಪರವಾಗಿಲ್ಲ. ಸೌಂಡ್ ಜಾಸ್ತಿ. ಬ್ರೇಕ್ ಹಿಡಿಯಲ್ಲ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಲ್ಲ.’

ನನಗೆ ಸಿಟ್ಟು ಬಂತು. “ಇಷ್ಟೊಂದು ಕೆಲಸ ಇದೆಯಾ ಭಾಯ್?”

“ಓಡೋ ಗಾಡೀಲಿ ಇರೋದೇ ಅಕ್ಕ,” ಅಂದರು ಗ್ರೀಸಿನ ಕೈ ಒರೆಸಿಕೊಳ್ಳುತ್ತಾ. “ನಿಂತಿರೋ ಗಾಡೀಲಿ ಏನು ಕಂಪ್ಲೇಂಟು? ನಿಮ್ಮ ಸ್ಕೂಟರ್‌ನೇ ನೋಡಿ, ಒಂದೂ ಇಲ್ಲ.”

ಕಿಟಕಿ ಸೀಟು

ಆ ಕಾರ್ಡು ಬ್ಯಾಗಿಗೆ ಹಾಕಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟಿನ ಮೇಲೆ ನಮ್ಮ ಪತ್ರಿಕೆ! ಅದೂ ಕೊನೇ ಪುಟ ಮೇಲಾಗಿ. ಪರಿಚಯವೇ ಇಲ್ಲದ ಒಬ್ಬ ಓದುಗ ಸಿಕ್ಕರು, ಎರಡನೇ ಪತ್ರ ಇವರಿಂದಲೇ ಬರೆಸಿಕೊಳ್ಳೋಣ ಅಂತ ಪೇಪರ್ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಒಬ್ಬ ಗಂಡಸು ಜನರನ್ನು ತಳ್ಳಿಕೊಂಡು ಒಳಗೆ ಬಂದರು.

“ಏನಮ್ಮ, ಪೇಪರ್ ಹಾಕಿರೋದು ಕಾಣಲ್ವಾ?”

“ಕಾಣ್ತು ಸರ್. ಇದನ್ನ ಬರೆದಿದ್ದೇ ನಾನು,” ಅಂದೆ ನಾಚಿಕೆಯಿಂದ.

“ಬರೆದಿದ್ದು ನೀವೇ ಇರಬಹುದು. ಕಿಟಕಿಯಿಂದ ಹಾಕಿದ್ದು ನಾನು. ಏಳಿ.”

ಶಿವಮೊಗ್ಗದವರೆಗೂ ನಾನು ನಿಂತು ಹೋದೆ. ಅವರು ನನ್ನ ಬರಹದ ಮೇಲೆ ಆರಾಮವಾಗಿ ಕೂತು ಬಂದರು.

ಕರೆಂಟ್ ಯಾಕೆ ಹೋಗ್ಲಿಲ್ಲ?

ತಿಂಗಳ ಕೊನೇ ವಾರ ಬಂತು. ಕೈಯಲ್ಲಿದ್ದದ್ದು ಒಂದೇ ಪತ್ರ, ಅದೂ ಜಾಬ್ ಕಾರ್ಡು. ಆ ಚಿಂತೆಯಲ್ಲೇ ಪುಟ ತಯಾರಿಸಿದೆ. ಲೈನ್ ಕೆಲಸಕ್ಕಾಗಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ನ್ಯೂ ಟೌನಿನಲ್ಲಿ ಕರೆಂಟ್ ಇರುವುದಿಲ್ಲ ಅನ್ನುವ ಪ್ರಕಟಣೆ ಬಂದಿತ್ತು. ಇಂಥದ್ದು ಬಂದಾಗ ಹಳೆಯ ಪ್ರಕಟಣೆಗೆ ಹೊಸ ತಾರೀಖು ಹಾಕಿ ಕಳಿಸುವುದು ನನ್ನ ರೂಢಿ. ಮುಂದಿನ ಭಾನುವಾರದ್ದನ್ನು ಈ ಭಾನುವಾರಕ್ಕೆ ಹಾಕಿ ಕಳಿಸಿಬಿಟ್ಟೆ.

ಕರೆಂಟ್ ಸುದ್ದಿ ಮಾತ್ರ ಭಾನುವಾರಕ್ಕೆ ಕಾಯದೆ ಪೇಪರ್ ಬಂದ ದಿನವೇ ಬಾಯಿಂದ ಬಾಯಿಗೆ ಹರಡಿತು. ಶನಿವಾರ ಸಂಜೆ ಇಡೀ ಬೀದಿಯ ಮಿಕ್ಸಿಗಳು ಒಟ್ಟಿಗೆ ಗರ್ಜಿಸಿದವು. ಎರಡು ದಿನಕ್ಕಾಗುವಷ್ಟು ದೋಸೆ ಹಿಟ್ಟು, ಚಟ್ನಿ, ಮಸಾಲೆ. ಟ್ಯಾಂಕುಗಳು ತುಂಬಿ ತಾರಸಿಯಿಂದ ನೀರು ಸುರಿಯಿತು. ಯೂನಿಫಾರ್ಮು, ಪಂಚೆ, ಕೊನೆಗೆ ದಿಂಬಿನ ಕವರಿಗೂ ಇಸ್ತ್ರಿ ಆಯಿತು. ನಾನೂ ಉದ್ದು ನೆನೆಹಾಕಿ ರುಬ್ಬಿಟ್ಟೆ. ಪೇಪರಿನಲ್ಲಿ ಬಂದಿದೆಯಲ್ಲ!

ಭಾನುವಾರ ಒಂಬತ್ತಾಯಿತು. ಕರೆಂಟ್ ಹೋಗಲಿಲ್ಲ. ಒಂಬತ್ತೂಕಾಲಾಯಿತು, ಹೋಗಲಿಲ್ಲ. ಒಬ್ಬೊಬ್ಬರಾಗಿ ಬೀದಿಗೆ ಬಂದರು. ಫೋರ್‌ಮನ್ ತಾತ ಕೈಗಡಿಯಾರ ನೋಡುತ್ತಾ, “ಟೈಮ್ ಅಂದ್ರೆ ಟೈಮ್ ಇರ್ಬೇಕು. ನಮ್ಮ ಕಾಲದಲ್ಲಿ ಹಿಂಗಿರ್ಲಿಲ್ಲ,” ಅಂದರು. ಭಾಯ್ ತಲೆ ಮೇಲೆ ಕೈ ಹೊತ್ತು ನಿಂತಿದ್ದರು. “ಕರೆಂಟ್ ಇಲ್ಲ, ಗ್ಯಾರೇಜ್ ಬಂದ್ ಅಂತ ಹೆಂಡ್ತಿ ಮಕ್ಕಳನ್ನ ಡ್ಯಾಮ್ ನೋಡೋಕೆ ಹೊರಡಿಸಿದ್ದೆ ಅಕ್ಕ. ಈಗ ಗಿರಾಕಿಗಳು ಬಂದು, ಕರೆಂಟ್ ಇದೆಯಲ್ಲ, ಗಾಡಿ ಕೊಡು ಅಂತಿದ್ದಾರೆ!”

ಪಕ್ಕದ ಮನೆಯವಳದ್ದು ಇನ್ನೊಂದು ಗೋಳು. “ಕುಂಸಿಯಿಂದ ನಾದಿನಿ ಬರ್ತೀನಿ ಅಂದಿದ್ಲು ಮಾರಾಯ್ತಿ. ಕರೆಂಟ್ ಇರಲ್ಲ, ಬರ್ಬೇಡ ಅಂದೆ. ಈಗ ವಿಡಿಯೋ ಕಾಲ್ ಮಾಡಿದ್ರೆ ಫ್ಯಾನ್ ತಿರುಗೋದು ಕಾಣುತ್ತೆ!” ಅಂದವಳೇ ಒಳಗೆ ಹೋಗಿ ಮೇನ್ ಸ್ವಿಚ್ ಆಫ್ ಮಾಡಿ ಬಂದಳು.

ಯಾರೋ ಲೈನ್‌ಮನ್‌ಗೆ ಫೋನ್ ಮಾಡಿದರು. ಬೈಕಿನಲ್ಲಿ ಬಂದಿಳಿದ ಅವರನ್ನು ಎಲ್ಲರೂ ಮುತ್ತಿಕೊಂಡರು.

“ಏನ್ರೀ, ಇನ್ನೂ ಕರೆಂಟ್ ತೆಗ್ದಿಲ್ವಲ್ರೀ!”

ಅವರು ಹೆಲ್ಮೆಟ್ ತೆಗೆದು ಬೈಕಿನ ಕನ್ನಡಿಗೆ ನೇತುಹಾಕಿದರು. “ಇಷ್ಟು ವರ್ಷದ ಸರ್ವೀಸಲ್ಲಿ ಕರೆಂಟ್ ಇದೆ ಅಂತ ಬೈಸ್ಕೊಂಡಿದ್ದು ಇವತ್ತೇ,” ಅಂದರು. ಆಮೇಲೆ ಪೇಪರ್ ನೋಡಿ, “ಇದು ಮುಂದಿನ ವಾರದ್ದು ಕಣ್ರೀ. ಯಾರು ಹಾಕಿದ್ದು?”

ಎಲ್ಲರೂ ನನ್ನ ಕಡೆ ತಿರುಗಿದರು. ತಪ್ಪೊಪ್ಪಿಕೊಂಡೆ. ಸಂಪಾದಕರಿಗೆ ಈಗಲೇ ದೂರು ಬರೆಯಬೇಕು ಅಂತ ತಾತ ಹಠ ಹಿಡಿದರು. ಬರೆಯಲು ಹಾಳೆ ಕೊಟ್ಟವಳೂ ನಾನೇ, ಪೆನ್ನು ಕೊಟ್ಟವಳೂ ನಾನೇ. ಎಂಟು ಪತ್ರಗಳಾದವು. ಓದುತ್ತಾ ಓದುತ್ತಾ ನನ್ನ ಕಣ್ಣು ತುಂಬಿತು. ಎಲ್ಲದರಲ್ಲೂ ಒಂದು ವಾಕ್ಯ ಇತ್ತು: ‘ನಾವು ಪ್ರತಿ ವಾರ ತಪ್ಪದೆ ಓದುತ್ತೇವೆ.’

ಸೋಮವಾರ ಸಂಪಾದಕರ ಮೇಜಿನ ಮೇಲೆ ಎಲ್ಲವನ್ನೂ ಇಟ್ಟೆ. ಜಾಬ್ ಕಾರ್ಡೂ ಸೇರಿ ಒಂಬತ್ತು. “ಒಂದು ಕಮ್ಮಿ ಇದೆ ಸರ್,” ಅಂದೆ.

ಅವರು ಪತ್ರಗಳನ್ನು ಮುಟ್ಟಲೇ ಇಲ್ಲ. ಮುಖ ಬಾಡಿತ್ತು. “ನಮ್ಮ ಮಾವನ ಮನೆ ಎಲ್ಲಿ ಗೊತ್ತಾ ಮೇಡಂ? ನಿಮ್ಮ ನ್ಯೂ ಟೌನಲ್ಲೇ.”

“ಗೊತ್ತಿರ್ಲಿಲ್ಲ ಸರ್.”

“ಅವರು ನಿಮ್ಮ ಅಂಕಣ ಓದ್ತಾರೆ ಅಂತ ನನಗೂ ಗೊತ್ತಿರ್ಲಿಲ್ಲ. ದಿನವಿಡೀ ಕರೆಂಟ್ ಇರಲ್ಲ ಅಂತ ನಿನ್ನೆ ಬೆಳಿಗ್ಗೆ ಎಂಟಕ್ಕೇ ಹಿಟ್ಟಿನ ಪಾತ್ರೆ ಸಮೇತ ನಮ್ಮನೆಗೆ ಬಂದಿಳಿದ್ರು. ಮನೆಯವರೆಲ್ಲ. ಹೇಗೂ ಬಂದಿದ್ದೀವಿ, ನಾಲ್ಕು ದಿನ ಇದ್ದು ಹೋಗ್ತೀವಿ ಅಂತಿದ್ದಾರೆ.”

ಕೇಳಬಾರದಿತ್ತು. ಆದರೆ ನನಗೆ ಲೆಕ್ಕ ಬೇಕಿತ್ತು. “ಎಷ್ಟು ಜನ ಸರ್?”

“ಹನ್ನೊಂದು,” ಅಂದರು. “ಅಂಕಣ ಇರುತ್ತೆ ಮೇಡಂ, ವಾರಭವಿಷ್ಯ ಬೇಡ. ಈಗ ಅರ್ಜೆಂಟಾಗಿ ಒಂದು ಪ್ರಕಟಣೆ ಬರ್ಕೊಡಿ, ಮನೇಲಿ ತೋರಿಸ್ಬೇಕು. ನಾಳೆಯಿಂದ ಶಿವಮೊಗ್ಗದ ನಮ್ಮ ಬೀದೀಲಿ ಕರೆಂಟ್ ಇರಲ್ಲ.”