ತೂಕಕ್ಕೆ ಸಿಕ್ಕಿಬಿದ್ದ ಫೋನು

ಬೆಳಿಗ್ಗೆ ಎದ್ದು ದೇವರಿಗೆ ಕೈಮುಗಿದು, ಒಂದು ಕಿಲೋ ತೂಕದ ಕಲ್ಲನ್ನು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು ಪರೀಕ್ಷಿಸದೆ ಬೇಕರಿಯಕ್ಕ ಕಾಫಿ ಕೂಡ ಕುಡಿಯುತ್ತಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಅವಳ ಬೇಕರಿ. ಹದಿನೆಂಟು ವರ್ಷದಲ್ಲಿ ಒಂದು ಬ್ರೆಡ್ಡೂ ತೂಕ ತಪ್ಪಿದ್ದಿಲ್ಲ!

ನಕಲಿ ಫೋನು ಕಂಡುಹಿಡಿಯುವ ವಿಡಿಯೋಗಳನ್ನು ಒಂದು ವಾರ ನೋಡಿದವಳೇ ಘೋಷಿಸಿದಳು: "ಇನ್ನು ಈ ಮನೆಯೊಳಗೆ ಒಂದು ನಕಲಿ ಫೋನೂ ಕಾಲಿಡಕೂಡದು!"

ಮೊದಲು ಸಿಕ್ಕಿದ್ದು ಗಂಡನ ಫೋನು. ಮೈದುನ ತನ್ನ ಮೊದಲ ಸಂಬಳದಲ್ಲಿ ಅಣ್ಣನಿಗೆ ಕೊಡಿಸಿದ್ದು. ಡಬ್ಬಿಯ ಮೇಲೆ ನೂರ ತೊಂಬತ್ತು ಗ್ರಾಂ ಎಂದಿತ್ತು. ತಕ್ಕಡಿ ಇನ್ನೂರ ಇಪ್ಪತ್ತೊಂದು ಎಂದಿತು.

"ರೀ, ಒಳಗೆ ಕಬ್ಬಿಣ ತುರುಕಿದ್ದಾರೆ!"

"ಡಬ್ಬಿಯ ನಂಬರೂ ಫೋನಿನ ನಂಬರೂ ಒಂದೇ ಇದೆಯಲ್ಲೇ?"

"ನಂಬರ್ ಯಾರು ಬೇಕಾದರೂ ಅಚ್ಚು ಹಾಕಿಸ್ತಾರೆ. ತೂಕ ಸುಳ್ಳು ಹೇಳಲ್ಲ!"

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮನೆಮಂದಿಯ ವಾಟ್ಸಾಪ್ ಗುಂಪಿಗೂ ಹಾಕಿಬಿಟ್ಟಳು: "ಮೈದುನ ಕೊಟ್ಟಿದ್ದು ನಕಲಿ ಫೋನು. ಎಲ್ಲರೂ ಹುಷಾರು!"

ಐದೇ ನಿಮಿಷಕ್ಕೆ ಮೈದುನನ ಉತ್ತರ ಬಂತು: "ಅಣ್ಣ, ರಿಪೇರಿ ಅಂಗಡಿಗೆ ತಗೊಂಡು ಬಾ. ಬಿಲ್ ತರ್ತೀನಿ. ಇನ್ನು ನಿಮ್ಮ ಮನೆಗೆ ಬರಲ್ಲ."

ಗಂಡ ಫೋನು ಜೇಬಿಗಿಟ್ಟು ಚಪ್ಪಲಿ ಮೆಟ್ಟಿದ. ಬೇಕರಿಯಕ್ಕನೂ ಹಿಂದೆಯೇ ಹೊರಟಳು. ದಾರಿಯುದ್ದಕ್ಕೂ ದೇವರಲ್ಲಿ ಏನು ಬೇಡಬೇಕೆಂದೇ ಅವಳಿಗೆ ತಿಳಿಯಲಿಲ್ಲ. ಫೋನು ನಕಲಿಯಾದರೆ ಪಾಪದ ಹುಡುಗನ ಮೊದಲ ಸಂಬಳ ನೀರಲ್ಲಿ ಹೋಮ. ಅಸಲಿಯಾದರೆ ತನ್ನ ಮಾನ ಹರಾಜು. ಅಣ್ಣತಮ್ಮಂದಿರ ನಡುವೆ ತಾನೇ ಗೋಡೆ ಕಟ್ಟಿದಂತೆ! "ನಿನ್ನಿಷ್ಟ ಕಣಪ್ಪ" ಎಂದು ಭಾರವನ್ನೆಲ್ಲ ದೇವರ ತಲೆಗೇ ಹೊರಿಸಿದಳು.

ಅಂಗಡಿಯಲ್ಲಿ ಮೈದುನ ಮುಖ ಗಂಟಿಕ್ಕಿಕೊಂಡು ನಿಂತಿದ್ದ. ರಿಪೇರಿಯವನು ಫೋನನ್ನು ತಿರುಗಿಸಿ ನೋಡಿ ಕೇಳಿದ, "ಅಕ್ಕ, ಕವರ್ ಸಮೇತ ತೂಗಿದ್ರಾ?"

ಉಗುರಿನಿಂದ ಮೀಟಿ ಕಪ್ಪು ಕವರು ತೆಗೆದ. ಅದರ ಹಿಂದಿನಿಂದ ಗಂಡನ ಬಸ್ ಪಾಸು ಬಿತ್ತು. ಅದರ ಜೊತೆಗೆ ಬೇಕರಿಯಕ್ಕನದೇ ಹಳೆಯ ಫೋಟೋ! ಬರೀ ಫೋನನ್ನು ತನ್ನ ಪುಟ್ಟ ತಕ್ಕಡಿಗಿಟ್ಟ. ನೂರ ತೊಂಬತ್ತು. ಹಿಟ್ಟು ತೂಗುವಾಗ ಡಬ್ಬಿಯ ತೂಕ ಕಳೆಯಲು ಒಂದು ದಿನವೂ ಮರೆಯದವಳು, ಇಲ್ಲಿ ತನ್ನನ್ನೇ ಸೇರಿಸಿ ತೂಗಿಬಿಟ್ಟಿದ್ದಳು!

"ತಪ್ಪಾಯ್ತಪ್ಪ. ಗುಂಪಲ್ಲೂ ಈಗಲೇ ಹಾಕ್ತೀನಿ."

ಮೈದುನನ ಗಂಟುಮೋರೆ ಸಡಿಲವಾಯಿತು. "ಹಾಕಿ ಅತ್ತಿಗೆ. ಸಂಜೆ ಊಟಕ್ಕೆ ಬರ್ತೀನಿ. ನನ್ನನ್ನೂ ತೂಗಿಯೇ ಒಳಗೆ ಬಿಡಿ!"

ಅವಳು ಅವಸರದಲ್ಲಿ ತನ್ನ ಫೋನು ತೆಗೆದಳು. ಆಗಾಗ ಆಗುವಂತೆ ಅದು ತಾನೇ ಆಫಾಗಿ ಆನಾಯಿತು; ಪರದೆಯ ತುಂಬ ಯಾರಿಗೂ ಓದಲು ಬಾರದ ಯಾವುದೋ ದೇಶದ ಅಕ್ಷರಗಳು ಸಾಲುಗಟ್ಟಿದವು.

ರಿಪೇರಿಯವನು ಬಗ್ಗಿ ನೋಡಿದ. "ಇದೆಲ್ಲಿ ತಗೊಂಡ್ರಿ ಅಕ್ಕ? ಬಿಲ್ ಇದೆಯಾ?"

"ಫುಟ್‌ಪಾತಲ್ಲಿ... ಅರ್ಧ ರೇಟಿಗೆ..."

"ಕೊಡಿ, ಅಸಲಿಯೋ ನಕಲಿಯೋ ಎರಡೇ ನಿಮಿಷದಲ್ಲಿ ಹೇಳ್ತೀನಿ. ದುಡ್ಡೇನೂ ಬೇಡ."

ಬೇಕರಿಯಕ್ಕ ಫೋನನ್ನು ಚೀಲದ ತಳಕ್ಕೆ ತಳ್ಳಿ ಜಿಪ್ಪು ಎಳೆದಳು.

"ಬೇಡಪ್ಪ. ದೇವರಿಗೆ ಗೊತ್ತಿದ್ದರೆ ಸಾಕು!"