ಮನಸ್ಸಿನಲ್ಲೇ ಬಾರಿಸಿದ ಗಂಟೆ

ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಹೋಗಿ ಎರಡು ವರ್ಷವಾಯಿತು. ಮೂರೂ ಆಗಿರಬಹುದು. ಲೋಕದಲ್ಲಿ ಕೆಲವರು ದೇವರನ್ನು ಅನುಮಾನಿಸುತ್ತಾರೆ, ಕೆಲವರು ಸರಕಾರವನ್ನು, ಹಲವರು ಹಾಲಿನವನನ್ನು. ನಾನು ಈ ಪಟ್ಟಿಯಲ್ಲಿ ನನ್ನನ್ನೂ ಸೇರಿಸಿಕೊಂಡಿದ್ದೇನೆ. ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿ, ಕಾಲೇಜಿನಲ್ಲಿ ಅದನ್ನೇ ಕಲಿಸಿದ್ದರ ಫಲ ಇದು. ಓದದವರು ಮರೆತರೆ ‘ಮರೆತೆ’ ಎಂದು ಸುಮ್ಮನಾಗುತ್ತಾರೆ; ಓದಿದವನು ಮರೆಯದಿದ್ದಾಗಲೂ ಮರೆತಿರಬಹುದೇ ಎಂದು ಒದ್ದಾಡುತ್ತಾನೆ. ಒಮ್ಮೆ ಹೆಂಡತಿಯೊಂದಿಗೆ ಹುಮನಾಬಾದಿಗೆ ಮದುವೆಗೆ ಹೊರಟವನು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ತುರೋರಿಯಲ್ಲೇ ಬಸ್ಸಿನಿಂದ ಇಳಿದು, ಎದುರು ಬಂದ ಟೆಂಪೋ ಹತ್ತಿ ಮಹಾರಾಷ್ಟ್ರದ ಗಡಿಯ ನಮ್ಮೂರು ಉಮರ್ಗಾಕ್ಕೆ ವಾಪಸು ಓಡಿದೆ. ಗ್ಯಾಸ್ ಆರಿಸಿಯೇ ಇತ್ತು. ಮದುವೆಯಲ್ಲಿ ಊಟ ಮಾತ್ರ ತೀರಿತ್ತು.

ನನ್ನ ಹೆಂಡತಿ ಇಲ್ಲಿಯ ಧಾನ್ಯದ ವ್ಯಾಪಾರಿಗಳ ಮಗಳು. ದಿನಾ ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ಅರ್ಧ ತಾಸು ಕಣ್ಣು ಆಚೀಚೆ ಹೋಗುವುದಿಲ್ಲ. ನಾನು ಪಕ್ಕದಲ್ಲಿ ಕೂತರೆ ಅವಳ ಪೂಜೆಯೂ ಕೆಡುತ್ತದೆ. ಒಂದು ದಿನ ಅವಳು ಸಿಟ್ಟಿನಿಂದಲೇ ಹೇಳಿದಳು: “ನಿಮಗ ಮರವು ಇಲ್ಲರೀ. ನಿಮಗ ಒಂದ್ ಕಡಿ ಕೂಡೋ ಚಟಾನೇ ಇಲ್ಲ. ವಿಹಾರದಾಗ ಸುಶೀಲಾಬಾಯಿ ಧ್ಯಾನ ಕಲಸ್ತಾರಂತ. ಹೋಗಿ ಕೂತು ಬರ್ರಿ. ಕಡೀಕ ನನಗರೆ ಶಾಂತಿ ಸಿಗ್ತದ.”

ನಮ್ಮ ಓಣಿಯ ಕೊನೆಯ ಬುದ್ಧ ವಿಹಾರದಲ್ಲಿ ರವಿವಾರ ಬೆಳಿಗ್ಗೆ ಆರೂವರೆಯಿಂದ ಏಳರವರೆಗೆ ಹತ್ತು ಹನ್ನೆರಡು ಜನ ಕೂಡುತ್ತಾರೆ. ನಡೆಸುವವರು ಸುಶೀಲಾಬಾಯಿ, ಸರಕಾರಿ ದವಾಖಾನೆಯ ನಿವೃತ್ತ ನರ್ಸ್. ಧ್ಯಾನವನ್ನೂ ಅವರು ಇಂಜೆಕ್ಷನ್ ಕೊಟ್ಟಂತೆಯೇ ಕೊಡುತ್ತಾರೆ. “ಅಲುಗಾಡಬ್ಯಾಡ್ರಿ. ಏನೂ ಆಗಂಗಿಲ್ಲ. ಉಸಿರು ನೋಡ್ರಿ. ಬ್ಯಾಸರ ಬಂದ್ರ ಬ್ಯಾಸರನೇ ನೋಡ್ರಿ. ಎದ್ದು ಓಡಬೇಕನಸ್ತು, ಓಡಬೇಕನಸ್ಲಿಕತ್ತದ ಅಂತ ನೋಡ್ರಿ, ಓಡಬ್ಯಾಡ್ರಿ.” ನಿಯಮ ಬಿಗಿ. ಬಾಗಿಲಲ್ಲಿರುವ ಬುಟ್ಟಿಯಲ್ಲಿ ಎಲ್ಲರೂ ಮೊಬೈಲ್ ಬಂದ್ ಮಾಡಿ ಇಡಬೇಕು, ಗಡಿಯಾರವನ್ನೂ. ಪ್ರತಿ ರವಿವಾರ ಒಬ್ಬರದು ಗಂಟೆ ಬಾರಿಸುವ ಪಾಳಿ. ಅವರ ಮುಂದೆ ಕರವಸ್ತ್ರ ಹಾಸಿ, ಅದರ ಮೇಲೆ ಒಂದು ಕೈಗಡಿಯಾರ, ಒಂದು ಹಿತ್ತಾಳೆ ಗಂಟೆ. ಶುರುವಿಗೆ ಒಂದು ಸಲ, ಮುಗಿಯುವಾಗ ಮೂರು ಸಲ ಬಾರಿಸಬೇಕು. ಗಂಟೆಯಾಗುವವರೆಗೆ ಯಾರೂ ಕಣ್ಣು ತೆರೆಯುವಂತಿಲ್ಲ. ಗಂಟೆಯಾದ ಮೇಲೆ ಅವಸರವಿಲ್ಲ, ಮನಸ್ಸು ಬಂದಾಗ ತೆರೆಯಬಹುದು.

ನಾಲ್ಕನೇ ರವಿವಾರ ಆ ಪಾಳಿ ನನ್ನದಾಯಿತು. “ಬ್ಯಾಡ್ರಿ ಬಾಯಿ, ನನ್ನ ನೆನಪು ಸರಿ ಇಲ್ಲ,” ಎಂದೆ. “ಅದಕ್ಕೇ ಕೊಡ್ಲಿಕತ್ತೀನಿ, ಮಾಸ್ತರ್,” ಎಂದರು ಅವರು. ನನ್ನ ಪಕ್ಕದಲ್ಲಿ ಕೂಡುತ್ತಿದ್ದ ಮಿಲಿಂದ, ಉದಗೀರ ಬಸ್ಸಿನ ಕಂಡಕ್ಟರ್, ಮೆಲ್ಲಗೆ ಹೇಳಿದ: “ಸರ್, ನನ್ನ ಗಾಡಿ ಸಾಡೇಸಾತಕ್ಕ ಅದ, ಏಳೂವರಿಗೆ. ಗಂಟಿ ವ್ಯಾಳ್ಯಾಕ್ಕ ಹೊಡೀರಿ, ಅಷ್ಟೇ.”

ಹೊಡೆದೆ ಕೂಡ. ಆರೂವರೆಗೆ ಒಂದು ಸಲ. ಆಮೇಲೆ ಉಸಿರು ನೋಡಲು ನನಗೆಲ್ಲಿ ಪುರಸತ್ತು? ಮರೆಯಬಾರದು, ಮರೆಯಬಾರದು ಎನ್ನುತ್ತ ಮನಸ್ಸಿನಲ್ಲೇ ತಾಲೀಮು ಶುರು ಮಾಡಿದೆ. ಏಳಕ್ಕೆ ಕೈ ಚಾಚುತ್ತೇನೆ, ಗಂಟೆ ಎತ್ತುತ್ತೇನೆ, ಠಣ್, ಠಣ್, ಠಣ್. ಇನ್ನೊಮ್ಮೆ. ಮತ್ತೊಮ್ಮೆ. ಹೀಗೆ ಎಷ್ಟು ಸಲ ಬಾರಿಸಿದೆನೆಂದರೆ, ಎಲ್ಲಿಯೋ ಒಂದು ಕಡೆ ತಾಲೀಮು ಹೋಗಿ ನಾಟಕವೇ ಆಗಿಬಿಟ್ಟಿತು. ಏಳಾಯಿತು, ಬಾರಿಸಿದೆ, ನನ್ನ ಕೆಲಸ ಮುಗಿಯಿತು ಎಂಬ ಸಮಾಧಾನ ಮೈಯೆಲ್ಲ ಹರಡಿತು. ಕಲ್ಪಿಸಿಕೊಂಡದ್ದೇ ನೆನಪಾಗಿ ಕೂಡುತ್ತದೆ ಎಂಬುದನ್ನು ಇಪ್ಪತ್ತು ವರ್ಷ ಪಾಠ ಹೇಳಿದವನು ನಾನು. ಆವತ್ತು ಮಾತ್ರ, ಈ ಎರಡು-ಮೂರು ವರ್ಷದಲ್ಲಿ ಮೊದಲ ಸಲ, ನನ್ನ ನೆನಪನ್ನು ಅನುಮಾನಿಸಲಿಲ್ಲ.

ಅರೆಗಣ್ಣಿನಲ್ಲಿ ನೋಡಿದರೆ ಯಾರೂ ಏಳುತ್ತಿಲ್ಲ. ಆಹಾ, ಎಷ್ಟು ಆಳಕ್ಕೆ ಇಳಿದಿದ್ದಾರೆ! ಮೊದಲು ಎದ್ದವನು ಎಲ್ಲರಿಗಿಂತ ಹಗುರ ಮನುಷ್ಯ ಎಂದಾಗುತ್ತದಲ್ಲ ಎಂದು ನಾನೂ ಕಣ್ಣು ಮುಚ್ಚಿ ಕೂತೆ. ಅವರೋ, ಇವತ್ತು ಅರ್ಧ ತಾಸು ಯಾಕೋ ಉದ್ದವಾಯಿತು ಎಂದು ಅನಿಸಿದ್ದನ್ನು, ಸುಶೀಲಾಬಾಯಿ ಕಲಿಸಿದಂತೆ, ಅನಿಸಿಕೆ ಎಂದೇ ನೋಡುತ್ತ ಕೂತಿದ್ದರು. ಮಿಲಿಂದ ಆಮೇಲೆ ಹೇಳಿದ: “ಗಾಡಿ ಹೋಯ್ತು, ಗಾಡಿ ಹೋಯ್ತು ಅಂತ ಜೀವ ಬಡಕೊಳ್ಳಿಕತ್ತಿತ್ತು ಸರ್. ನಾ ನೋಡ್ಕೋತ ಕೂತೆ.”

ನಮ್ಮನ್ನು ಎಚ್ಚರಿಸಿದ್ದು ಬಸ್ಸಿನ ಹಾರ್ನ್. ಫೋನ್ ಹಚ್ಚಿ ಹಚ್ಚಿ ಸೋತ ಡ್ರೈವರ್, ಪ್ರಯಾಣಿಕರ ಸಮೇತ ಬಸ್ಸನ್ನೇ ನಮ್ಮ ಓಣಿಯ ಬಾಯಿಗೆ ತಂದು ನಿಲ್ಲಿಸಿದ್ದ. ಗಡಿಯಾರ ನೋಡಿದೆ, ಎಂಟು ಹತ್ತು. “ಅರೇ ಮಿಲ್ಯಾ, ನಿರ್ವಾಣ ಆಯ್ತೇನೋ? ಆಗಿದ್ರ ತಿಕೀಟು ಹರಿ ಬಾ!” ಎಂದು ಡ್ರೈವರ್ ಒದರುತ್ತಿದ್ದ. ನಿಲಂಗಾಕ್ಕೆ ಹೆಣ್ಣು ನೋಡಲು ಹೊರಟಿದ್ದ ಒಂದು ಗುಂಪು ಕಿಟಕಿಗಳಿಂದ ಬಯ್ಯುತ್ತಿತ್ತು. ವರನೊಬ್ಬನೇ ಸುಮ್ಮನಿದ್ದ.

ಆ ಗುಂಪಿನವರ ದೂರು ಡೆಪೋ ಮುಟ್ಟಿತು. ಮಿಲಿಂದನಿಗೆ ನೋಟೀಸು ಬಂತು: ಒಪ್ಪುವಂಥ ಕಾರಣ ಕೊಡದಿದ್ದರೆ ಅಮಾನತು. ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳು. ತಪ್ಪು ನನ್ನದು, ಶಿಕ್ಷೆ ಅವನಿಗೆ. ಮರುದಿನ ಅವನನ್ನು ಕರೆದುಕೊಂಡು ಡೆಪೋ ಸಾಹೇಬರ ಮುಂದೆ ನಿಂತು, ಎರಡು ಪುಟದ ಹೇಳಿಕೆ ಬರೆದುಕೊಟ್ಟೆ. ನನ್ನ ಮರೆವೇ ಕಾರಣ, ಕಂಡಕ್ಟರ್ ನಿರಪರಾಧಿ ಎಂದು.

ಸಾಹೇಬರು ನಿಧಾನವಾಗಿ ಓದಿದರು. “ಮಾಸ್ತರ್, ಬಿಸಲು ನೆಲದ ಮೂರನೇ ಫರಸಿ ಕಲ್ಲಿಗಿ ಬಂದಿತ್ತು ಅಂತ ಬರ್ದೀರಿ. ಎಡಗಡಿ ಮೊಳಕಾಲ ಮ್ಯಾಲ ನೊಣ ಎರಡು ಸಲ ಕೂತಿತ್ತು ಅಂತ ಬರ್ದೀರಿ. ಹಿಂದ ಕೂತವರು ನಾಕು ಸಲ ಕೆಮ್ಮಿದ್ರು ಅಂತೀರಿ. ಇಷ್ಟೆಲ್ಲ ನೆನಪಿದ್ದ ಮನಷಾ ಗಂಟಿ ಒಂದೇ ಮರತಾನಂದ್ರ ನಾ ಹೆಂಗ ನಂಬ್ಲಿ?”

“ಖರೇನೇ ನನಗ ಮರವು ಭಾಳ ಅದರೀ ಸಾಹೇಬ್ರ.”

“ಅಂವಾ ವಿಹಾರದಾಗ ಮಲಗಿದ್ದ, ನೀವು ಅವನ ಪರವಾಗಿ ಬಂದೀರಿ. ಒಳ್ಳೆ ಮನಷಾರಿದ್ದೀರಿ, ಆದ್ರ ಸುಳ್ಳು ಹೇಳ್ಲಿಕ್ಕ ಬರಂಗಿಲ್ಲ ನಿಮಗ. ಇರ್ಲಿ, ಸಹಿ ಮಾಡಿ ತಾರೀಖು ಹಾಕಿ ಕೊಡ್ರಿ, ಮ್ಯಾಲ ಕಳಸ್ತೀನಿ.”

ನನ್ನ ನೆನಪು ಚೆನ್ನಾಗಿದೆ ಎಂದು ಒಬ್ಬ ಸರಕಾರಿ ಅಧಿಕಾರಿಯೇ ಹೇಳುತ್ತಿದ್ದಾರೆ. ಬೇರೆ ದಿನವಾಗಿದ್ದರೆ ಆ ಮಾತು ಬರೆಸಿ ಕಟ್ಟು ಹಾಕಿಸಿಡುತ್ತಿದ್ದೆ. ಮಿಲಿಂದನ ಮುಖ ನೋಡಲಾಗದೆ ಸಹಿ ಮಾಡಿ, ತಾರೀಖು ಹಾಕಿ, ಕಾಗದ ಸರಿಸಿದೆ.

ಸಾಹೇಬರು ಕಾಗದ ನೋಡಿದರು, ಗೋಡೆಯ ಕ್ಯಾಲೆಂಡರ್ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮೇಜು ಗುದ್ದಿ ನಕ್ಕರು. “ಘಟನಾ ಆಗೋಕಿಂತ ಎರಡು ವರ್ಷ ಮೊದಲೇ ಜವಾಬು ಕೊಟ್ಟೀರಲ್ರೀ ಮಾಸ್ತರ್!” ನಾನು ಹಾಕಿದ್ದು ಎರಡು ವರ್ಷ ಹಿಂದಿನ ಇಸವಿ. “ಆಯ್ತು, ಈಗ ನಂಬಿದೆ,” ಎಂದು ಮಿಲಿಂದನಿಗೆ ಬರೀ ತಾಕೀತು ಕೊಟ್ಟು ಬಿಟ್ಟರು.

ಹೊರಗೆ ಬಂದದ್ದೇ ಮಿಲಿಂದ ನನ್ನ ಎರಡೂ ಕೈ ಹಿಡಿದ. “ಮಾನಲಂ ತುಮ್ಹಾಲಾ, ಒಪ್ಪಿದೆ ನಿಮ್ಮನ್ನ, ಸರ್! ಬೇಕಂತಲೇ ತಪ್ಪು ಇಸವಿ ಹಾಕಿದ್ರಿ. ಏನ್ ಡೋಕಿ, ಏನ್ ತಲಿ ನಿಮ್ದು!” ನಾನು ದೊಡ್ಡ ಯೋಜನೆ ಹಾಕಿದವನಂತೆ ಮುಗುಳ್ನಕ್ಕೆ. ಸುದ್ದಿ ಊರೆಲ್ಲ ಹಬ್ಬಿತು. ನನ್ನ ಹೆಂಡತಿ ಕೂಡ ಎರಡು ದಿನ ನನ್ನನ್ನು ಬೇರೆ ಕಣ್ಣಿನಿಂದ ನೋಡಿದಳು.

ಮುಂದಿನ ರವಿವಾರ ವಿಹಾರದಲ್ಲಿ ಎಂದಿನಂತೆ ಎಲ್ಲರೂ ಪಂಚಶೀಲ ಹೇಳಿದೆವು. ಸುಳ್ಳು ಹೇಳುವುದಿಲ್ಲ ಎಂಬ ಮಾತು ಬಾಯಿಂದ ಇಳಿದಿತ್ತೋ ಇಲ್ಲವೋ, ಸುಶೀಲಾಬಾಯಿ ನನ್ನತ್ತ ತಿರುಗಿದರು. “ಖರೆ ಹೇಳ್ರಿ ಮಾಸ್ತರ್. ಬೇಕಂತ ಬರ್ದ್ರೋ, ಮರತು ಬರ್ದ್ರೋ?”

ಎಲ್ಲರೂ ಕಾಯುತ್ತಿದ್ದರು. ನಾನು ಎಷ್ಟು ಕೆದಕಿದರೂ ಯಾವುದೆಂದು ಗೊತ್ತಾಗಲಿಲ್ಲ. ಬೇಕಂತ ಎಂದರೆ ಅದು ಸುಳ್ಳಿರಬಹುದು. ಮರೆತು ಎಂದರೆ ಅದೂ ಸುಳ್ಳಿರಬಹುದು. ಬೇರೆ ದಾರಿ ಕಾಣದೆ ಬೆನ್ನು ನೆಟ್ಟಗೆ ಮಾಡಿ ಗಟ್ಟಿಯಾಗಿ ಕಣ್ಣು ಮುಚ್ಚಿಬಿಟ್ಟೆ.

ಆಮೇಲೆ ಸುಶೀಲಾಬಾಯಿ ಉಳಿದವರಿಗೆ ಪಿಸುಗುಟ್ಟಿದ್ದು ಕೇಳಿಸಿತು: “ನೋಡ್ರಿ, ಹೊಗಳಿಕಿ ಬ್ಯಾಡಾದ ಮನಷಾ ಎಷ್ಟು ಲಗೂ ಧ್ಯಾನಕ್ಕ ಇಳೀತಾನ.”