ಶನಿವಾರ ವಾಸಿಯಾಗುವ ಕಂಪ್ಯೂಟರ್

ಡಾಕ್ಟರ ಎದುರಿಗೆ ಕೂತ ಕೂಡಲೇ ನೋವು ಮಾಯವಾಗುವ ಜನರಿದ್ದಾರೆ. ವಾರವಿಡೀ ಕೆನ್ನೆ ಹಿಡಿದುಕೊಂಡು ಮನೆತುಂಬ ಓಡಾಡಿರುತ್ತಾರೆ. ಅಲ್ಲಿ ಹೋಗಿ ಬಾಯಿ ತೆರೆದರೆ ಯಾವ ಹಲ್ಲು ಎಂದು ತೋರಿಸಲು ಬರುವುದಿಲ್ಲ. ಅಂಥವರನ್ನು ಕಂಡರೆ ನನಗೆ ಮೊದಲೆಲ್ಲ ನಗು ಬರುತ್ತಿತ್ತು. ಈಗ ಬರುವುದಿಲ್ಲ. ಅಂಥ ರೋಗಿಯೊಂದನ್ನು ಒಂದು ಮಳೆಗಾಲ ಪೂರ್ತಿ ನಾನೇ ನೋಡಿಕೊಂಡಿದ್ದೇನೆ. ಆ ರೋಗಿ ನಮ್ಮ ಮನೆಯ ಕಂಪ್ಯೂಟರ್. ಆಮೇಲೆ ನನಗೆ ತಿಳಿದದ್ದೇನೆಂದರೆ, ವಾಸಿಯಾಗದ ರೋಗಕ್ಕಿಂತ ನೋಡಲು ಬಂದವರ ಎದುರು ವಾಸಿಯಾಗಿಬಿಡುವ ರೋಗ ಹೆಚ್ಚು ಅವಮಾನ ಮಾಡುತ್ತದೆ.

ಡೊಂಬಿವಲಿಯ ನಮ್ಮ ಮನೆಯಲ್ಲಿ ಒಂದು ಹಾಲ್, ಒಂದು ಬೆಡ್‌ರೂಮ್, ಒಂದು ಅಡುಗೆಮನೆ. ಕಂಪ್ಯೂಟರನ್ನು ಬೆಡ್‌ರೂಮಿನಲ್ಲಿ ಇಡೋಣ ಎಂದು ನಾನು ಕೇಳಿಕೊಂಡೆ. ಬಂದವರಿಗೆ ಕಾಣದಿದ್ದರೆ ತಂದು ಏನು ಪ್ರಯೋಜನ ಎಂದು ಅಪ್ಪ ಹಾಲಿನಲ್ಲೇ ಇಡಿಸಿದರು. ಅದೂ ಬಾಗಿಲಿಗೆ ನನ್ನ ಬೆನ್ನು ಬರುವಂತೆ. ಹಾಲಿನವನು, ಕೇಬಲ್‌ನವನು, ನಾವು ಕಾಕು ಎಂದು ಕರೆಯುವ ಮೇಲಿನ ಮನೆಯ ಮರಾಠಿ ಹೆಂಗಸು, ಯಾರು ಬಂದರೂ ಮೊದಲು ನನ್ನ ಹೆಗಲ ಮೇಲಿಂದ ಪರದೆ ಓದಿ ಆಮೇಲೆ ಬಂದ ಕೆಲಸ ಹೇಳುತ್ತಿದ್ದರು. ನನ್ನ ಪುಸ್ತಕದ ಹಾಳೆ ಮಡಚಿದರೂ ಸಹಿಸದವಳು ನಾನು. ನನ್ನ ಸ್ಥಿತಿ ನೀವೇ ಊಹಿಸಿಕೊಳ್ಳಿ.

ಆ ವರ್ಷ ಅಪ್ಪ ನಮ್ಮ ಭಜನಾ ಮಂಡಳಿಗೆ ಕಾರ್ಯದರ್ಶಿಯಾದರು. ಮಂಡಳಿಗೆ ಸ್ವಂತ ಜಾಗವಿಲ್ಲ. ಪ್ರತಿ ಶನಿವಾರ ಸಂಜೆ ಒಂದು ಶಾಲೆಯ ಹಾಲ್ ಸಿಗುತ್ತದೆ, ಅಷ್ಟೆ. ಹಾಗಾಗಿ ನಮ್ಮಲ್ಲಿ ಯಾರು ಕಾರ್ಯದರ್ಶಿಯೋ ಅವರ ಮನೆಯೇ ಮಂಡಳಿಯ ಗೋದಾಮು. ಪದವಿಯ ಹಿಂದೆಯೇ ಹಾರ್ಮೋನಿಯಂ, ತಾಳಗಳ ಚೀಲ, ಜಮಖಾನೆಯ ಸುರುಳಿ, ಭಾರದ ಸ್ಪೀಕರ್ ಪೆಟ್ಟಿಗೆ ಎಲ್ಲವೂ ನಮ್ಮ ಬಾಲ್ಕನಿಗೆ ಬಂದವು. ಮಳೆ ಶುರುವಾದ ಮೇಲೆ ಬಾಲ್ಕನಿಯಿಂದ ಹಾಲಿಗೆ ಬಂದವು. ನಾನು ಕೂರುವ ಜಾಗ ಇನ್ನಷ್ಟು ಕಿರಿದಾಯಿತು. ಅಮ್ಮ ಎಲ್ಲದರ ಮೇಲೂ ಹಳೆ ಸೀರೆ ಹೊದಿಸಿದರು. ಎರಡು ದಿನದಲ್ಲಿ ಅವು ಸಾಮಾನು ಎನ್ನುವುದೇ ಮರೆತುಹೋಗಿ ಗೋಡೆಯ ಭಾಗವೆಂಬಂತೆ ಆಗಿಹೋದವು. ಅವುಗಳಲ್ಲಿ ಒಂದು ನನ್ನ ಮೇಜಿಗೆ ತಾಗಿ ಇತ್ತು. ಅದರ ಎತ್ತರ ಸರಿಯಾಗಿದ್ದುದರಿಂದ ನಾನು ಅದರ ಮೇಲೆ ಚಹಾ ಲೋಟ ಇಟ್ಟುಕೊಳ್ಳುತ್ತಿದ್ದೆ.

ನನ್ನ ಕೆಲಸದ ವಿಷಯವನ್ನೂ ಹೇಳಬೇಕು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ನಾನು. ಥಾಣೆಯ ವರ್ತಕ ನಗರದಲ್ಲಿ ಒಂದು ಸಣ್ಣ ಸಂಸ್ಥೆ ಇತ್ತು. ಜನ ಯಾವ ಸೋಪು ಹಚ್ಚುತ್ತಾರೆ, ಯಾವ ಚಹಾ ಕುಡಿಯುತ್ತಾರೆ ಎಂದು ಮನೆಮನೆಗೆ ಹೋಗಿ ಕೇಳಿಕೊಂಡು ಬರುವುದು ಅವರ ಕಸುಬು. ಆ ಅಂಕಿಗಳನ್ನು ಬಣ್ಣಬಣ್ಣದ ನಕ್ಷೆಗಳಾಗಿ ಮಾಡಿ, ಫ್ಲಾಪಿಯಲ್ಲಿ ಒಯ್ದು ಕೊಡುವುದು ನನ್ನದು. ಮೂರು ತಿಂಗಳು ಮನೆಯಿಂದ ಮಾಡಿ ತೋರಿಸಿ, ಸರಿ ಕಂಡರೆ ಕಾಯಂ ಮಾಡುತ್ತೇನೆ ಎಂದು ಅಲ್ಲಿನ ಮೇಡಂ ಹೇಳಿದ್ದರು. ಅಪ್ಪನೂ ತಮ್ಮ ಕರಾರು ಮುಂದಿಟ್ಟಿದ್ದರು. ಕಾಯಂ ಆದರೆ ಒಂದು ವರ್ಷ ಮದುವೆಯ ಮಾತೆತ್ತುವುದಿಲ್ಲ. ಆಗದಿದ್ದರೆ ಜಾತಕ ಕಲ್ಯಾಣ ಊರಿನ ಒಂದು ಮನೆಗೆ ಹೋಗುತ್ತದೆ. ಕಲ್ಯಾಣದ ಆ ಮನೆಯವರ ಹೆಸರೂ ನನಗೆ ಗೊತ್ತಿರಲಿಲ್ಲ. ಆದರೂ ಆ ಸ್ಟೇಷನ್ನಿನ ಹೆಸರು ಲೋಕಲ್ ರೈಲಿನ ಹಣೆಯ ಮೇಲೆ ಕಂಡಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ.

ಇಂಥ ಹೊತ್ತಿನಲ್ಲಿ ಪರದೆಯ ಬಲಗಡೆ ಕೆಳಮೂಲೆಯಲ್ಲಿ ನೇರಳೆ ಬಣ್ಣದ ಒಂದು ಮಚ್ಚೆ ಎದ್ದಿತು. ಮೊದಲು ಕಣ್ಣಿನ ದೋಷ ಎಂದುಕೊಂಡೆ. ಬಟ್ಟೆಯಿಂದ ಒರೆಸಿದೆ. ಮಚ್ಚೆ ಹೋಗಲಿಲ್ಲ, ಅಂಚಿನಲ್ಲಿ ಹಸಿರಾಯಿತು. ಬಣ್ಣ ನೋಡಿಯೇ ಹೊಟ್ಟೆ ಹೊರೆಯಬೇಕಾದವಳು ನಾನು. ಆ ಮೂಲೆಯಲ್ಲಿ ಹಳದಿ ಹಾಕಿದರೆ ಬೇರೇನೋ ಕಾಣುತ್ತದೆ, ಬೇರೇನೋ ಹಾಕಿದರೆ ಹಳದಿ ಕಾಣುತ್ತದೆ. ಚಹಾದ ನಕ್ಷೆಯನ್ನು ನನ್ನ ಕಣ್ಣಿಗೆ ಸರಿ ಕಾಣುವವರೆಗೂ ತಿದ್ದಿ ತಿದ್ದಿ ಕೊಟ್ಟುಬಂದೆ. ಆಫೀಸಿನಲ್ಲಿ ಪ್ರಿಂಟ್ ತೆಗೆದಾಗ ಚಹಾ ಕುಡಿಯುವವರೂ ಕುಡಿಯದವರೂ ಒಂದೇ ಹಳದಿಯಾಗಿ ಕೂಡಿಹೋಗಿದ್ದರು. ಮೇಡಂ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. “ಥಾಣೆಯಲ್ಲಿ ಚಹಾ ಕುಡಿಯದವರೇ ಇಲ್ಲವಾ?” ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು. ಅವರು ಗದರಿದ್ದರೆ ಚೆನ್ನಾಗಿತ್ತು. ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುವುದಾಗಿಯೂ ಅಷ್ಟೇ ಮೆಲ್ಲಗೆ ಹೇಳಿದರು.

ರಬಾಳೆಯ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ವಿಭಾಗದಲ್ಲಿದ್ದ ಸುಧಾಕರ ಎಂಬವರು ಅಪ್ಪನ ಮಂಡಳಿಯಲ್ಲಿ ತಬಲಾ ಬಾರಿಸುತ್ತಿದ್ದರು. ಶನಿವಾರ ಅವರಿಗೆ ಅರ್ಧ ದಿನ. ಅಪ್ಪ ಮತ್ತು ಇತರರು ಸಾಮಾನು ಹೊತ್ತುಕೊಂಡು ಮುಂದಾಗಿ ಹೋದ ಮೇಲೆ ಇವರು ಸ್ಟೇಷನ್ನಿನಿಂದ ನೇರ ನಮ್ಮ ಮನೆಗೆ ಬಂದು, ಅಮ್ಮ ಕೊಟ್ಟ ಚಹಾ ಕುಡಿದು, ರೋಗಿಯನ್ನು ನೋಡಿ, ಭಜನೆಗೆ ಹೋಗುವುದು ಎಂದು ಗೊತ್ತಾಯಿತು. ಮೊದಲನೆಯ ಶನಿವಾರ ಬಂದರು. ಕಂಪ್ಯೂಟರ್ ಹಚ್ಚಿದೆ. ಪರದೆ ‘ಧುಂ’ ಎಂದು ಬೆಳಗಿ, ತೊಳೆದಿಟ್ಟ ತಟ್ಟೆಯ ಹಾಗೆ ಸ್ವಚ್ಛವಾಗಿ ನಿಂತಿತು. ಮೂಲೆಯಲ್ಲಿ ಮಚ್ಚೆಯಿರಲಿ, ಅದರ ಗುರುತೂ ಇಲ್ಲ. ಇಲ್ಲೇ ಇತ್ತು ಎಂದು ಬೆರಳಿಟ್ಟು ತೋರಿಸಿದೆ. ಸುಧಾಕರ ಪರದೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು; ಜ್ವರವಿಲ್ಲದವರ ಹಣೆ ಮುಟ್ಟಿ ನೋಡುವವರ ನೋಟ ಅದು.

ಆದರೂ ಬಂದ ಮೇಲೆ ಏನಾದರೂ ಮಾಡಬೇಕಲ್ಲ. ಕಂಪ್ಯೂಟರಿನ ಡಬ್ಬ ಬಿಚ್ಚಿದರು. ಒಳಗೆ ಅಂಗೈಯಗಲದ ಒಂದು ಹಸಿರು ಹಲಗೆ ಇರುತ್ತದೆ. ಪರದೆಯ ಮೇಲೆ ಚಿತ್ರವೂ ಬಣ್ಣವೂ ಮೂಡುವುದು ಅದರಿಂದ. ಡಿಸ್‌ಪ್ಲೇ ಕಾರ್ಡ್ ಎನ್ನುತ್ತಾರೆ. ಅದನ್ನು ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ನನ್ನ ಪೆನ್ಸಿಲಿನ ರಬ್ಬರಿನಿಂದ ಉಜ್ಜಿ, ತಿರುಗಿ ಹಾಕಿದರು. ಪರದೆ ಚೆನ್ನಾಗಿ ಬಂತು. ಅದು ಮೊದಲೇ ಚೆನ್ನಾಗಿತ್ತಲ್ಲ ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಭಾನುವಾರ ಬೆಳಿಗ್ಗೆ ಮಚ್ಚೆ ಮರಳಿ ಹಾಜರ್. ಮುಂದಿನ ಶನಿವಾರ ಅವರು ಬರುವ ಹೊತ್ತಿಗೆ ಮತ್ತೆ ಮಾಯ; ಮತ್ತೆ ರಬ್ಬರ್; ಭಾನುವಾರ ಮತ್ತೆ ನೇರಳೆ. ಕಾರ್ಡು ಸಾಯುತ್ತಿದೆ, ಉಜ್ಜಿದರೆ ಒಂದು ದಿನದ ಮಟ್ಟಿಗೆ ಜೀವ ಹಿಡಿಯುತ್ತದೆ ಎಂದು ಸುಧಾಕರ ತೀರ್ಪು ಕೊಟ್ಟರು. ಮಾನಿಟರೇ ಕೆಟ್ಟಿರಬಹುದೇ ಎಂದು ಕೇಳಿದೆ. “ಮಾನಿಟರ್ ಹಾಳಾದ್ರೆ ಎಲ್ಲ ದಿನವೂ ಹಾಳಿರ್ಬೇಕು. ಬಂದು ಹೋಗುವ ಕಾಯಿಲೆ ಯಾವಾಗಲೂ ಕಾರ್ಡಿನದ್ದೇ,” ಎಂದರು. ತರ್ಕ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ನಾನೂ ಒಪ್ಪಿಕೊಂಡೆ.

ಅಪ್ಪ ಇದನ್ನು ಸುಧಾಕರರ ಕೈಗುಣ ಎಂದರು. ಆ ಕೈಗುಣವನ್ನು ಊಟದ ಹೊತ್ತಿಗೆ ಬೇಕಾದ್ದಕ್ಕಿಂತ ಹೆಚ್ಚು ಸಲ ಹೊಗಳತೊಡಗಿದಾಗ ಜಾತಕ ಕಲ್ಯಾಣದ ಬದಲು ರಬಾಳೆಯ ಕಡೆ ತಿರುಗುತ್ತಿದೆಯೆಂದು ನನಗೆ ವಾಸನೆ ಬಡಿಯಿತು. ಅಮ್ಮನದು ಬೇರೆ ನಂಬಿಕೆ. “ಕೈಗುಣವೂ ಇಲ್ಲ, ಎಂಥದ್ದೂ ಇಲ್ಲ. ಶನಿವಾರ ಅಲ್ವಾ ಮಗಾ? ಭಜನೆಯ ದಿನ. ದೇವರು ಕೈಬಿಡುವುದಿಲ್ಲ,” ಎಂದರು. ಒಂದು ವಾರವಾದರೂ ಶನಿವಾರ ತಪ್ಪಿದೆಯಾ ಎಂದೂ ಕೇಳಿದರು. ನಾನು ನಿಟ್ಟುಸಿರು ಬಿಟ್ಟು, ಎರಡು ಸಂಗತಿ ಒಟ್ಟೊಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂದು ವಿವರಿಸಲು ಕೂತೆ. ಎಂ.ಎಸ್ಸಿ.ಯ ಮೊದಲ ವರ್ಷದ ಪಾಠ. ಮಳೆಗಾಲದಲ್ಲಿ ಕೊಡೆ ಹೆಚ್ಚು ಕಾಣುತ್ತವೆ, ಹಾಗೆಂದು ಕೊಡೆಯಿಂದ ಮಳೆ ಬರುತ್ತದೆಯೇ ಎಂದೆ. ಅಮ್ಮ ಕೊತ್ತಂಬರಿ ಸೊಪ್ಪು ಬಿಡಿಸುತ್ತಲೇ ಕೇಳಿಸಿಕೊಂಡು, “ಕೊಡೆ ಕಂಡ್ರೆ ಮಳೆ ಉಂಟು ಅಂತ ಗೊತ್ತಾಗ್ತದಲ್ಲ, ಅಷ್ಟು ಸಾಕು,” ಎಂದರು. ನನ್ನ ಪ್ರಾಧ್ಯಾಪಕರು ಅಲ್ಲಿ ಇರಲಿಲ್ಲ ಎನ್ನುವುದೊಂದೇ ಸಮಾಧಾನ.

ಕೊನೆಗೆ ಮಾನಿಟರನ್ನು ಮನೆಯಲ್ಲೇ ಬಿಟ್ಟು, ಡಬ್ಬವನ್ನಷ್ಟೇ ಕನ್ನಡ ಪೇಪರಿನಲ್ಲಿ ಸುತ್ತಿ, ಹಗ್ಗ ಬಿಗಿದು, ಥಾಣೆಯ ಒಂದು ಅಂಗಡಿಗೆ ನಾನೇ ಒಯ್ದೆ. ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಏನನ್ನಾದರೂ ಗುಟ್ಟಾಗಿ ಒಯ್ಯುವುದು ಸಾಧ್ಯವಿಲ್ಲ. ಮಿಕ್ಸರಾ ಎಂದು ಒಬ್ಬರು ಹಿಂದಿಯಲ್ಲಿ ಕೇಳಿದರು, ಸುತ್ತಿದ ಪೇಪರಿನ ಅಕ್ಷರ ಗುರುತಿಸಿದ ವಿಜಯಪುರದ ಹೆಂಗಸೊಬ್ಬಳು ನನ್ನ ಪಕ್ಕಕ್ಕೇ ಸರಿದು, “ಟಿವಿ ಏನ್ ತಂಗಿ? ಮತ್ತ ಗ್ಲಾಸ್ ಎಲ್ಲಿ?” ಎಂದಳು. ಗ್ಲಾಸು ಮನೆಯಲ್ಲಿದೆ ಎಂದೆ. ಎಲ್ಲರೂ ನನ್ನನ್ನು ಕನಿಕರದಿಂದ ನೋಡಿದರು. ಅಂಗಡಿಯವನ ಮಾನಿಟರಿನಲ್ಲಿ ನಮ್ಮ ಕಂಪ್ಯೂಟರ್ ಹೂವಿನಂತೆ ನಗುತ್ತಿತ್ತು. ಅವತ್ತು ಮಂಗಳವಾರ. ಅಮ್ಮನ ಶನಿವಾರ ಬಿದ್ದುಹೋಯಿತೆಂದು ಒಳಗೊಳಗೇ ಖುಷಿಯಾದರೂ, ರೋಗ ತೋರಿಸಲಾಗದ ಹಳೆಯ ನಾಚಿಕೆ ಮತ್ತೆ ಬಂತು. ಬಂದು ಹೋಗುವ ರೋಗವೆಂದರೆ ಕಾರ್ಡೇ, ಬದಲಿಸಿಬಿಡಿ ಎಂದು ಅವನೂ ಹೇಳಿದ. ಹಾಕಿಕೊಡಲು ಬೇರೆ ದುಡ್ಡು ಕೇಳಿದ್ದರಿಂದ ಹೊಸ ಕಾರ್ಡನ್ನು ಹಾಗೇ ಕೊಂಡು ತಂದೆ.

ಅದನ್ನು ಹಾಕಿಕೊಡಲು ಸುಧಾಕರ ಬಂದದ್ದು ಮತ್ತೆ ಶನಿವಾರವೇ. ಪರದೆ ಸ್ವಚ್ಛ. ಅದರಲ್ಲಿ ಹೊಸತೇನಿಲ್ಲ. ಆದರೆ ಮರುದಿನ ಬೆಳಿಗ್ಗೆ ಎದ್ದು ಹಚ್ಚಿದರೆ ಆಗಲೂ ಸ್ವಚ್ಛ! ಭಾನುವಾರ, ಮಚ್ಚೆಯಿಲ್ಲ. ನಾನು ಅಡುಗೆಮನೆಗೆ ಹೋಗಿ, ಇವತ್ತು ಯಾವ ವಾರ ಎಂದು ಅಮ್ಮನನ್ನು ಕೇಳಿದೆ. ಇಷ್ಟು ವಿನಯವಿಲ್ಲದೆ ನಾನು ಅದುವರೆಗೆ ಯಾವ ಪ್ರಶ್ನೆಯನ್ನೂ ಕೇಳಿರಲಿಲ್ಲ. ಕಾರ್ಡು ಕೆಟ್ಟಿತ್ತು, ಬದಲಿಸಿದೆವು, ಸರಿಹೋಯಿತು. ಇದರಲ್ಲಿ ದೇವರನ್ನು ಎಳೆಯುವುದು ಬೇಡ ಎಂದೆ. ಅಮ್ಮ ದೋಸೆ ಮಗುಚಿದರು. ಸೋಮವಾರ ಮೇಡಂಗೆ ಸೋಪಿನ ನಕ್ಷೆಗಳನ್ನು ಒಪ್ಪಿಸಬೇಕಿತ್ತು. ಎಲ್ಲ ಬಣ್ಣಗಳನ್ನು ಮೊದಲಿನಿಂದ ಹಾಕುತ್ತ ಕೂತೆ. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಕ್ಕಾಲು ಮುಗಿದಿತ್ತು.

ಆಗ ಬಾಗಿಲು ತೆರೆಯಿತು. ಆ ಭಾನುವಾರ ಮಂಡಳಿಯವರೊಬ್ಬರ ಹೊಸ ಮನೆಯ ಪೂಜೆ ಇದ್ದುದರಿಂದ ಸಾಮಾನು ಶನಿವಾರ ರಾತ್ರಿ ಮನೆಗೆ ಬಾರದೆ ನೇರ ಅಲ್ಲಿಗೇ ಹೋಗಿತ್ತು. ಈಗ ಅಪ್ಪನೂ ಮಂಡಳಿಯ ಹಿರಿಯರಾದ ಭಾಸ್ಕರಣ್ಣನೂ ಏದುಸಿರು ಬಿಡುತ್ತ ಸ್ಪೀಕರ್ ಪೆಟ್ಟಿಗೆಯನ್ನು ಹೊತ್ತು ತಂದರು. ನನ್ನ ಬಲಕ್ಕೆ, ಎಂದಿನ ಜಾಗದಲ್ಲಿ ಇಳಿಸಿದರು. ಪೆಟ್ಟಿಗೆ ಹತ್ತಿರ ಬಂದಂತೆ ಪರದೆಯ ಮೂಲೆಯಲ್ಲಿ ನೇರಳೆ ಬಣ್ಣ, ಬಟ್ಟೆಯ ಮೇಲೆ ಬಿದ್ದ ಶಾಯಿಯಂತೆ, ನನ್ನ ಕಣ್ಣೆದುರಿಗೇ ಹರಡಿತು.

ಪೆಟ್ಟಿಗೆಯನ್ನೊಮ್ಮೆ ಎತ್ತಿ ಎಂದು ಕೇಳಿದೆ. ಎತ್ತಿದರು, ನೇರಳೆ ಹಿಂಜರಿಯಿತು. ಇಳಿಸಿ ಎಂದೆ, ಬಂತು. ಮತ್ತೆ ಎತ್ತಿ ಎಂದೆ. ಭಾಸ್ಕರಣ್ಣ ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡೇ, “ಎಂತ ಮಗಾ, ತೂಕ ನೋಡುವುದಾ?” ಎಂದರು. ಅಪ್ಪನಿಗೆ ಸಿಟ್ಟು ಬಂದಿತ್ತು. ಸ್ಪೀಕರಿನೊಳಗೆ ಅಯಸ್ಕಾಂತವಿರುತ್ತದೆ, ಅದು ಪಕ್ಕದಲ್ಲಿದ್ದರೆ ಮಾನಿಟರಿನ ಬಣ್ಣ ಕೆಡುತ್ತದೆ. ಹೈಸ್ಕೂಲಿನಲ್ಲಿ ಓದಿದ ವಿಜ್ಞಾನವಷ್ಟೇ ಸಾಕಿತ್ತು ಇದಕ್ಕೆ. ಪೆಟ್ಟಿಗೆ ಶನಿವಾರ ಸಂಜೆ ಭಜನೆಗೆ ಹೋಗುತ್ತಿತ್ತು; ಪರದೆ ವಾಸಿಯಾಗುತ್ತಿತ್ತು. ರಾತ್ರಿ ಮರಳುತ್ತಿತ್ತು, ಭಾನುವಾರ ಕಾಯಿಲೆ. ಕೈಗುಣವೂ ಇಲ್ಲ, ಕಾರ್ಡಿನ ತಪ್ಪೂ ಇಲ್ಲ. ಇಷ್ಟು ದಿನ ನಾನು ಅಪರಾಧಿಯ ತಲೆಯ ಮೇಲೆಯೇ ಚಹಾ ಲೋಟ ಇಟ್ಟುಕೊಂಡು ಊರೆಲ್ಲ ಹುಡುಕುತ್ತಿದ್ದೆ.

ಪೆಟ್ಟಿಗೆ ಅಡುಗೆಮನೆಗೆ, ಅಕ್ಕಿಯ ಡಬ್ಬದ ಪಕ್ಕಕ್ಕೆ ಹೋಯಿತು. ನಕ್ಷೆಗಳು ಮುಗಿದವು. ಆಮೇಲೆ ವಿಷಯ ತಿಳಿದ ಸುಧಾಕರ ತಮಗೆ ಮೊದಲಿನಿಂದಲೂ ಡೌಟ್ ಇತ್ತೆಂದರು. ನಿರಪರಾಧಿಯಾದ ಹಳೆ ಕಾರ್ಡು ಹಲ್ಲು ಸವೆದುಕೊಂಡು ಇವತ್ತಿಗೂ ನನ್ನ ಡ್ರಾಯರಿನಲ್ಲಿದೆ. ಅಮ್ಮನಿಗೆ ಅಯಸ್ಕಾಂತದ ವಿಷಯವನ್ನು ನಿಧಾನವಾಗಿ, ಅಡಿಗೆರೆ ಎಳೆದಂತೆ ಹೇಳಿದೆ. ಅವರು ಪೂರ್ತಿ ಕೇಳಿ, “ಆ ಪೆಟ್ಟಿಗೆ ಎಂತಕ್ಕೆ ಹೋಗುವುದು? ಭಜನೆಗೆ. ನಾನು ಹೇಳಿದ್ದೂ ಅದನ್ನೇ ಅಲ್ವಾ?” ಎಂದರು. ಯೋಚಿಸಿ ನೋಡಿದರೆ, ನಾವೆಲ್ಲರೂ ಕಾರ್ಡನ್ನು ಹಿಡಿದುಕೊಂಡು ತಪ್ಪುತ್ತಿದ್ದಾಗ ಪರದೆ ಯಾವಾಗ ಸರಿಯಾಗುತ್ತದೆಂದು ಪ್ರತಿ ವಾರ ಸರಿಯಾಗಿ ಹೇಳಿದವರು ಅವರೊಬ್ಬರೇ. ಅವರ ಮಾತನ್ನು ನಾನು ಒರೆಗೆ ಹಚ್ಚದೆ ತಳ್ಳಿಹಾಕಿದ್ದು, ಅದು ತಪ್ಪಾಗಿತ್ತು ಎಂದಲ್ಲ, ಅದನ್ನು ಕೊತ್ತಂಬರಿ ಬಿಡಿಸುತ್ತ ಹೇಳಿದ್ದರು ಎಂದು.

ಸೋಮವಾರ ಕೊಟ್ಟ ನಕ್ಷೆಗಳನ್ನು ಮೇಡಂ ಆ ವಾರವೆಲ್ಲ ನೋಡಿದರು. ಆಮೇಲೆ ಕರೆಸಿಕೊಂಡು ಪ್ರಿಂಟುಗಳನ್ನು ಮೇಜಿನ ಮೇಲೆ ಹರಡಿ, ಬಣ್ಣಗಳ ತೊಂದರೆ ಹೇಗೆ ಪತ್ತೆಯಾಯಿತು ಎಂದು ಕೇಳಿದರು. ಒಂದೊಂದೇ ಸಾಧ್ಯತೆಯನ್ನು ಕ್ರಮವಾಗಿ ಕಳೆಯುತ್ತ ಬಂದೆ ಎಂದೆ. ಕಾರಣ ಹುಡುಕುವ ತಾಳ್ಮೆ ಇರುವವರು ಕಡಿಮೆ ಎಂದು ಹೇಳಿ ಕಾಯಂ ಮಾಡಿದರು. ಭಾಸ್ಕರಣ್ಣನ ಎದೆಯ ಮೇಲಿನ ಪೆಟ್ಟಿಗೆಯ ವಿಷಯ ನಾನು ಎತ್ತಲಿಲ್ಲ.

ಮನೆಗೆ ಬಂದು ಹೇಳಿದಾಗ ಅಪ್ಪ ಜಾತಕದ ಲಕೋಟೆಯನ್ನು ಕಪಾಟಿನ ಮೇಲಿನ ಖಾನೆಗೆ ಎತ್ತಿಟ್ಟರು. ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು, ಒಂದೇ ಮಾತು ಕೇಳಿದರು: “ಇವತ್ತು ಯಾವ ವಾರ ಮಗಾ?”

ಶನಿವಾರವಾಗಿತ್ತು. ಅದು ಕಾಕತಾಳೀಯ, ನನ್ನ ಶಾಸ್ತ್ರದಲ್ಲಿ ಅದಕ್ಕೆ ಬೆಲೆಯಿಲ್ಲ ಎಂದು ಹೇಳಬೇಕೆಂದಿದ್ದೆ, ಹೇಳಲಿಲ್ಲ. ಮೇಡಂ ಫೋನಿನಲ್ಲಿ ಶುಕ್ರವಾರ ಬರುತ್ತೀರೋ ಶನಿವಾರ ಬರುತ್ತೀರೋ ಎಂದು ಕೇಳಿದ್ದರು. ಶನಿವಾರ ಎಂದವಳು ನಾನೇ. ಅವತ್ತು ಲೋಕಲ್ಲಿನಲ್ಲಿ ಗರ್ದಿ ಸ್ವಲ್ಪ ಕಡಿಮೆ ಇರುತ್ತದೆ. ಕೇಳಿದವರಿಗೆಲ್ಲ ನಾನು ಕೊಡುವ ಕಾರಣ ಅದು.